ನೆರೂಡನಿಗೆ ಅಷ್ಟು ಸಲೀಸಾಗಿ ಇಟಾಲಿಯನ್ ಬಂತಾ?

‘ಇಲ್ ಪೋಸ್ತಿನೋ’ (1994) ನನಗೆ ತುಂಬಾ ಇಷ್ಟದ ಸಿನಿಮಾ. ಮೊನ್ನೆ ಮ್ಯಾಡ್ರಿಡ್ ಕಡೆಯ ಸಹೋದ್ಯೋಗಿಯೊಬ್ಬಳ ಜೊತೆ ಮತ್ತೆ ನೋಡಿದೆ. ಇಟಾಲಿಯನ್ ಕಲಿತವಳಲ್ಲ, ಆದ್ರೂ ಸಬ್‌ಟೈಟಲ್ ತೆಗೆಸಿದಳು. ದೇಶ ಬಿಟ್ಟು ಇಟಲಿಯ ದ್ವೀಪಕ್ಕೆ ಬಂದ ಚಿಲಿಯ ಕವಿ ಪಾಬ್ಲೋ ನೆರೂಡನ ಮಾತು ಬಹುಪಾಲು ತಿಳೀತಂತೆ. ಪೋಸ್ಟ್‌ಮ್ಯಾನ್ ಮಾರಿಯೋ ಬಾಯಿ ತೆರೆದರೆ ಮಾತ್ರ ‘ಏನಂದ?’ ಅಂತ ನನ್ನನ್ನು ಕೇಳೋಳು. ನನ್ನನ್ನ!

ಕಾರಣ ಇದೆ. ನೆರೂಡನಾಗಿರೋದು ಫ್ರೆಂಚ್ ನಟ ಫಿಲಿಪ್ ನ್ವಾರೆ. ಇಟಾಲಿಯನ್ ದನಿ ಡಬ್ಬಿಂಗ್‌ನದ್ದು, ಸ್ವಚ್ಛ. ಮಾರಿಯೋ ಆಗಿರುವ ಮಾಸಿಮೋ ತ್ರೋಯಿಸಿ ನೇಪಲ್ಸ್ ಕಡೆಯವನು, ಅರ್ಧ ಮಾತು ನುಂಗ್ತಾನೆ. ಸ್ಪ್ಯಾನಿಶ್‌ನವರಿಗೆ ಇಟಾಲಿಯನ್ ಅರ್ಥವಾಗುತ್ತೆ ಅನ್ನೋರು ಯಾರ ಬಾಯಿಯ ಇಟಾಲಿಯನ್ ಅಂತಲೂ ಹೇಳಬೇಕು.

ನನ್ನ ತಕರಾರು ಇಲ್ಲೇ. ‘ಬುರ್ರೋ’ ಸ್ಪ್ಯಾನಿಶ್‌ನಲ್ಲಿ ಕತ್ತೆ, ಇಟಾಲಿಯನ್‌ನಲ್ಲಿ ಬೆಣ್ಣೆ. ‘ಸಲೀರ್’ ಅಂದರೆ ಹೊರಗೆ ಹೋಗೋದು, ‘ಸಲೀರೆ’ ಅಂದರೆ ಮೇಲೆ ಹತ್ತೋದು. ಇಂಥ ಎಡವಟ್ಟುಗಳಲ್ಲಿ ಇಬ್ಬರ ನಡುವೆ ಎಷ್ಟು ನಗು, ಎಷ್ಟು ಸಲುಗೆ ಹುಟ್ಟಬಹುದಿತ್ತು! ಸಿನಿಮಾ ಕವಿಗೆ ನೀರು ಕುಡಿದಷ್ಟು ಸುಲಭದ ಇಟಾಲಿಯನ್ ಕೊಟ್ಟು ಕೈತೊಳೆದುಕೊಂಡಿದೆ. ಸ್ಕಾರ್ಮೆತಾನ ಮೂಲ ಕತೆ ನಡೆಯೋದು ಚಿಲಿಯಲ್ಲಿ, ಅಲ್ಲಿ ಇಬ್ಬರದೂ ಒಂದೇ ಭಾಷೆ. ಇಟಲಿಗೆ ಮನೆ ಬದಲಾಯಿಸಿದವರು ಭಾಷೆಯ ಬಾಡಿಗೆಯನ್ನೂ ಕಟ್ಟಬೇಕಿತ್ತು.

ಆದರೂ ಒಂದು ಕಡೆ ಸೋತೆ. ನೆರೂಡ ರೂಪಕದ ಮಾತೆತ್ತುತ್ತಾನೆ. ‘ಮೆತಾಫೊರಾ’ ಎರಡೂ ಭಾಷೇಲಿ ಹೆಚ್ಚುಕಮ್ಮಿ ಅದೇ ಪದ; ನನ್ನ ಪಕ್ಕದಲ್ಲಿದ್ದವಳಿಗೆ ತಕ್ಷಣ ಗೊತ್ತಾಯ್ತು. ಹಾಗಂದ್ರೇನು ಅಂತ ಕೇಳಿದೋನು ಇಟಲಿಯಲ್ಲೇ ಹುಟ್ಟಿ ಬೆಳೆದ ಮಾರಿಯೋ.