ಯಮುನಕ್ಕನ ಮಾತು ಎಲ್ಲಿ?

ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನು ಓದದವರೂ ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ತೆಗೆದ ಚಲನಚಿತ್ರವನ್ನು ಬಲ್ಲರು. ಸ್ವರ್ಣಕಮಲ ಪಡೆದ ಆ ಚಿತ್ರದ ಹಳೆಯ ಪ್ರತಿಯನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೋರಿಸಲಾಯಿತು. ಸಂಪ್ರದಾಯದ ಕ್ರೌರ್ಯದ ಕಥೆಯೆಂದೂ, ನಾಣಿ ಎಂಬ ಹುಡುಗ ತನ್ನ ಮುಗ್ಧತೆಯನ್ನು ಕಳೆದುಕೊಂಡ ಕಥೆಯೆಂದೂ ಇದನ್ನು ನಾವು ಓದುತ್ತ ಬಂದಿದ್ದೇವೆ. ಎರಡೂ ಸರಿಯೇ. ಆದರೆ ಜವಳಗಿರಿಯಂತಹ ಗಡಿಯೂರಿನಲ್ಲಿ ಕುಳಿತು ಓದುವಾಗ ಬೇರೊಂದು ಪ್ರಶ್ನೆ ಏಳುತ್ತದೆ. ಬಸುರಾದವಳು ಯಮುನಕ್ಕ. ನಿನಗೇನು ಬೇಕೆಂದು ಅವಳನ್ನು ಯಾರಾದರೂ ಕೇಳಿದರೆ?

ಕೇಳಲಿಲ್ಲ. ವಿಧವೆಯಾದ ಅವಳು ಗುಟ್ಟಾಗಿ ಗರ್ಭ ತೆಗೆಸಿಕೊಳ್ಳಬೇಕಾಗುತ್ತದೆ. ಅದು ಬಯಲಾದಾಗ, ಬದುಕಿರುವವಳಿಗೇ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುತ್ತಾರೆ. ಕಾರಣನಾದ ಮೇಷ್ಟ್ರಿಗೆ ಯಾವ ಶ್ರಾದ್ಧವೂ ಇಲ್ಲ. ಎಲ್ಲವನ್ನೂ ಹುಡುಗನ ಕಣ್ಣಿನಿಂದ ಕಾಣಿಸುವುದು ಈ ಕೃತಿಯ ಶಕ್ತಿ. ಅದೇ ಅದರ ಮಿತಿಯೂ ಹೌದು. ನಾಣಿ ಅವಳ ಭಯವನ್ನು ಕಂಡ, ಮನಸ್ಸನ್ನು ಕಾಣಲಾರ.

ನಮ್ಮ ಮಲಯಾಳಂ ಓದುಗರಿಗೆ ಇದು ಪರಕೀಯವೆನಿಸದು. ಕುರಿಯೇಡತ್ ತಾತ್ರಿಯ ಸ್ಮಾರ್ತವಿಚಾರ ನಡೆದದ್ದು 1905ರಲ್ಲಿ. ಅಂತಹ ವಿಚಾರಣೆಗೆ ಒಳಗಾದ ನಂಬೂದಿರಿ ಹೆಣ್ಣನ್ನು ‘ಸಾಧನಂ’, ಅಂದರೆ ವಸ್ತು, ಎಂದೇ ಕರೆಯುತ್ತಿದ್ದರು. ಲಲಿತಾಂಬಿಕಾ ಅಂತರ್ಜನಂ ಅವರು ‘ಪ್ರತಿಕಾರದೇವತ’ ಕಥೆಯಲ್ಲಿ ಆ ‘ವಸ್ತು’ವಿಗೆ ಬಾಯಿ ಕೊಟ್ಟರು, ತಾತ್ರಿಯೇ ತನ್ನ ಕಥೆ ಹೇಳಿದಳು. ಯಮುನಕ್ಕನಿಗೆ ಆ ಭಾಗ್ಯ ದೊರೆಯಲಿಲ್ಲ.

ಸಾಹಿತ್ಯ ಕೊಡದ ಮಾತನ್ನು ಕಾನೂನು ಒಂದಿಷ್ಟು ಕೊಟ್ಟಿದೆ. 1971ರ ಗರ್ಭಪಾತ ಕಾಯ್ದೆ 1972ರ ಏಪ್ರಿಲ್ 1ರಂದು ಜಾರಿಗೆ ಬಂತು. ವೈದ್ಯರ ಅಭಿಪ್ರಾಯಕ್ಕೇ ಅದು ಹೆಚ್ಚಿನ ತೂಕ ಕೊಡುತ್ತದೆ, ನಿಜ. ಆದರೆ 18 ವರ್ಷ ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಹೆಣ್ಣಿನ ಒಪ್ಪಿಗೆಯೊಂದೇ ಸಾಕೆನ್ನುತ್ತದೆ. ಗಂಡನ ಸಹಿಯನ್ನಾಗಲಿ ಮಾವನ ಅಪ್ಪಣೆಯನ್ನಾಗಲಿ ಕೇಳುವುದಿಲ್ಲ. 2021ರ ತಿದ್ದುಪಡಿ ಕೆಲವು ಸಂದರ್ಭಗಳಲ್ಲಿ ಅವಧಿಯನ್ನು 24 ವಾರಕ್ಕೆ ಏರಿಸಿತು. ಹೆಸರು ಬಯಲು ಮಾಡಕೂಡದೆಂದು ವೈದ್ಯರನ್ನು ಕಟ್ಟಿಹಾಕಿತು. ಮದುವೆಯಾಗದವರಿಗೂ ಈ ಹಕ್ಕು ಸಮಾನವೆಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದು ಹೇಳಿತು. ನಮ್ಮ ಮನೆಗಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ತಮಿಳು; ನಡುವೆ ಮಾತಾಡುವವನು ಗಂಡನೋ ಮೈದುನನೋ. ಹೀಗಾದಾಗ ಹೆಣ್ಣಿನ ಒಪ್ಪಿಗೆ ಯಾರ ಬಾಯಿಂದ ಬಂದಂತಾಯಿತು?

ಕಾನೂನೇ ಬಾಗಿಲು ಮುಚ್ಚಿದರೆ ಏನಾಗುತ್ತದೆಂಬುದನ್ನು ಇನ್ನೊಂದು ಗಡಿಯೂರು ಕಂಡಿದೆ. ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್, ಐರ್ಲೆಂಡಿನ ಗಾಲ್ವೆಯಲ್ಲಿ 17 ವಾರಗಳ ಬಸುರಿ. ಗರ್ಭ ಉಳಿಯದೆಂದು ತಿಳಿದ ಮೇಲೂ, ಭ್ರೂಣದ ಎದೆ ಬಡಿಯುತ್ತಿದೆಯೆಂದು ಅವಳ ಕೋರಿಕೆಯನ್ನು ನಡೆಸಿಕೊಡಲಿಲ್ಲ. ರಕ್ತಕ್ಕೆ ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡಳು. ಅವಳಿಗೆ 31 ವರ್ಷ. ಆ ದೇಶದ ಜನ 2018ರ ಮೇ 25ರ ಮತದಾನದಲ್ಲಿ ಸಂವಿಧಾನದ ಆ ನಿಷೇಧವನ್ನೇ ಕಿತ್ತುಹಾಕಿದರು.

ಈ ಹಕ್ಕು ಹೆಣ್ಣುಮಕ್ಕಳನ್ನು ಹೊಟ್ಟೆಯಲ್ಲೇ ಕೊಲ್ಲಲು ದಾರಿಯಾಗದೆ? ಎಂದು ಹಿರಿಯರು ಕೇಳಬಹುದು. ಆತಂಕ ಸುಳ್ಳಲ್ಲ; ನಮ್ಮ ನೆರೆಯ ಸೇಲಂನಲ್ಲಿ 1992ರಲ್ಲಿ ಸರ್ಕಾರ ತೊಟ್ಟಿಲು ಕಟ್ಟಿ ಬೇಡವಾದ ಹೆಣ್ಣುಕೂಸುಗಳನ್ನು ಪಡೆಯಬೇಕಾಯಿತು. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ, ನಿಷೇಧ ಇರಲೇಬೇಕು. ಆದರೆ ಗಂಡೇ ಬೇಕೆಂದು ಮನೆತನ ಹಟ ಹಿಡಿಯುವಲ್ಲಿಯೂ ಸೊಸೆಯ ಮಾತಿಗೆ ಬೆಲೆಯಿಲ್ಲ. ಹೆರು ಎಂದು ಒತ್ತಾಯಿಸುವ ಬಾಯಿಯೂ, ತೆಗೆಸು ಎಂದು ಒತ್ತಾಯಿಸುವ ಬಾಯಿಯೂ ಒಂದೇ.

‘ಘಟಶ್ರಾದ್ಧ’ ದೊಡ್ಡ ಕೃತಿಯೆನ್ನಲು ನನಗೆ ಅಳುಕಿಲ್ಲ. ಅದು ತನ್ನೊಳಗೆ ಉಳಿಸಿರುವ ಮೌನವನ್ನು ನಮ್ಮ ಮನೆಗಳಲ್ಲಿಯೂ ಉಳಿಸಿಕೊಳ್ಳಬೇಕಾಗಿಲ್ಲ. ಮಗಳು ಹೇಳುವುದನ್ನು, ಅವಳ ಭಾಷೆಯಲ್ಲಿಯೇ, ಮೊದಲು ಕೇಳೋಣ.