ಇಸವಾಣದ ತುಂಡು, ಗಜನಿಯ ಸಿಗಡಿ

ಮೀನು ಹಿಡಿಯದೆ, ಸಾಕದೆ, ಅದರ ಜೀವಕೋಶಗಳನ್ನು ತೊಟ್ಟಿಯಲ್ಲಿ ಬೆಳೆಸಿ ಮಾಂಸ ಮಾಡುವ ವಿದ್ಯೆ ನಮ್ಮಲ್ಲಿ ಸುದ್ದಿಯಾದದ್ದು 2024ರ ಜನವರಿಯಲ್ಲಿ. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಆಗ ನೀಟ್ ಮೀಟ್ ಬಯೋಟೆಕ್ ಎಂಬ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಅಲ್ಲಿಂದೀಚೆಗೆ ಕರಾವಳಿಯ ಭವಿಷ್ಯದ ಮಾತು ಬಂದಲ್ಲೆಲ್ಲ ಇದರ ಹೆಸರು ಹೇಳುವುದು ರೂಢಿಯಾಗುತ್ತಿದೆ. ಹೀಗೆಯೇ ಕೋಶಗಳಿಂದ ಬೆಳೆಸಿದ ಲಂಡನ್ನಿನ 2013ರ ಬರ್ಗರ್, ಸಿಂಗಪುರ 2020ರಲ್ಲಿ ಒಪ್ಪಿದ ಕೋಳಿಮಾಂಸದ ಕಥೆ ಓದುಗರಿಗೆ ಗೊತ್ತಿರುವುದೇ. ಗಂಗಾವಳಿ ನದಿ ಕಡಲು ಸೇರುವ ಅಂಕೋಲೆಯ ಮಂಜಗುಣಿಯಲ್ಲಿ ನಿಂತು ನೋಡಿದರೆ ಈ ಕೀರ್ತಿ ಬಹಳ ಉಬ್ಬಿದ್ದು ಅನಿಸುತ್ತದೆ.

ಕೊಚ್ಚಿಯ ಯೋಜನೆಯ ಮೊದಲ ಹಂತಕ್ಕೆ ಆರಿಸಿಕೊಂಡದ್ದೇ ಇಸವಾಣ, ಪಾಂಪ್ಲೆಟ್‌ಗಳಂಥ ದುಬಾರಿ ಮೀನು. ಖರ್ಚು ಗಿಟ್ಟಬೇಕಾದರೆ ಅಂಥವೇ ಬೇಕು. ತಾರ್ಲೆ, ಬಂಗಡೆಯಿಂದ ಆಗುವ ಕೆಲಸವಲ್ಲ. ಸರಿ, ಇಸವಾಣದ ಒಂದು ತುಂಡನ್ನೇ ನೋಡೋಣ. ನಡುವೆ ಮುಳ್ಳು, ಸುತ್ತ ಚರ್ಮ, ಒಳಗೆ ತೆಳು ಪೊರೆಗಳು ಬೇರ್ಪಡಿಸಿದ ಸ್ನಾಯುವಿನ ಪದರಗಳು. ಕಾವಲಿಯ ಬಿಸಿಗೆ ಪೊರೆ ಕರಗುತ್ತದೆ, ಪದರ ಬಿಚ್ಚಿಕೊಳ್ಳುತ್ತದೆ. ಬೆರಳಿಗೆ ಎಸಳೆಸಳಾಗಿ ಬರುವುದು ಅದಕ್ಕೇ. ತೊಟ್ಟಿಯ ಕೋಶಗಳು ತಾವಾಗಿ ಹೀಗೆ ಕಟ್ಟಿಕೊಳ್ಳುವುದಿಲ್ಲ. ರಕ್ತನಾಳವಿಲ್ಲದ ಕೋಶರಾಶಿಯಲ್ಲಿ ಆಮ್ಲಜನಕ ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ಆಳಕ್ಕೆ ಇಳಿಯುವುದು ಕಷ್ಟ, ಒಳಗಿನವು ಉಸಿರುಗಟ್ಟಿ ಸಾಯುತ್ತವೆ. ಹಾಗಾಗಿ ಅಂಟಿಕೊಳ್ಳಲು ಹಂದರ ಕೊಡಬೇಕು, ಆಮೇಲೆ ಎಲ್ಲವನ್ನೂ ಸೇರಿಸಿ ತುಂಡಿನ ಆಕಾರ ತರಬೇಕು.

ಕೊಬ್ಬಿನದು ಇನ್ನೂ ಸ್ವಾರಸ್ಯ. ಮೀನಿನ ಒಮೆಗಾ-3 ಬಹುಮಟ್ಟಿಗೆ ಮೀನು ತಾನೇ ತಯಾರಿಸಿಕೊಂಡದ್ದಲ್ಲ. ಸೂಕ್ಷ್ಮ ಪಾಚಿಯಲ್ಲಿ ಹುಟ್ಟಿ, ಅದನ್ನು ತಿಂದ ಜೀವಿಗಳಿಗೆ, ಅವನ್ನು ತಿಂದ ತಾರ್ಲೆಗೆ, ತಾರ್ಲೆ ನುಂಗಿದ ಇಸವಾಣಕ್ಕೆ ದಾಟಿ ಬರುವಂಥದ್ದು. ತೊಟ್ಟಿಯಲ್ಲಿ ಅದನ್ನೂ ನಾವೇ ಸುರಿಯಬೇಕು. ಗ್ಲೂಕೋಸ್, ಅಮೈನೋ ಆಮ್ಲಗಳೂ ಎಲ್ಲಿಂದಲೋ ಬರಬೇಕಲ್ಲ? ಮೆಕ್ಕೆಜೋಳ, ಸೋಯಾ ಹೊಲಗಳೇ ಗತಿ. ಇದರಿಂದ ಕಡಲಿಗೆ ಬಿಡುವು ಸಿಗುತ್ತದೆ ಎನ್ನುವವರು ಈ ಹೊಲಗಳ ಲೆಕ್ಕ ಹಾಕುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಸೈ ಎಂದ ವೈಲ್ಡ್‌ಟೈಪ್ ಕಂಪನಿಯ ಸಾಲ್ಮನ್ ಸುಶಿಯಂಥ ಹಸಿ ತಿನಿಸಿಗೆಂದೇ ರೂಪಿಸಿದ್ದು. ರವೆ ಹಚ್ಚಿ ಹುರಿಯುವ ಕಾವಲಿಯ ಪರೀಕ್ಷೆ ಬೇರೆಯೇ.

ಕೊಚ್ಚಿಯ ಒಪ್ಪಂದದಲ್ಲಿ ಕೆಲಸ ಹಂಚಿಕೊಂಡ ರೀತಿಯೂ ಗಮನಿಸುವಂಥದ್ದು. ಮೀನಿನ ಕೋಶ ಬೇರ್ಪಡಿಸಿ ಬೆಳೆಸುವ ಆರಂಭದ ಕೆಲಸ ಸರ್ಕಾರಿ ಸಂಸ್ಥೆಯದು. ಪೋಷಕ ದ್ರವ, ಹಂದರ, ದೊಡ್ಡ ತೊಟ್ಟಿಗಳ ಜವಾಬ್ದಾರಿ ಕಂಪನಿಯದು. ಮುಂದೆ ಲಾಭ ಹುಟ್ಟುವುದಿದ್ದರೆ ಈ ಮೂರರಲ್ಲೇ. ಅಂಥ ಕಾರ್ಖಾನೆಗೆ ಕೈಕೊಡದ ವಿದ್ಯುತ್ತು, ಸೂಕ್ಷ್ಮಾಣು ಸುಳಿಯದ ಕೋಣೆ, ಪಳಗಿದ ತಂತ್ರಜ್ಞರು ಬೇಕು. ಅದು ಗಂಗಾವಳಿ ದಂಡೆಗೆ ಬರುತ್ತದೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಹಾಗೆಂದು ಇದನ್ನು ‘ಕೃತಕ’ ಎಂದು ಜರೆಯುವ ನಮ್ಮ ಪರಿಸರ ಲೇಖಕರ ಸಾಲಿನಲ್ಲಿ ನಾನು ನಿಲ್ಲಲಾರೆ. ಅವರು ಪ್ರತಿಯಾಗಿ ಮುಂದಿಡುವುದು ಹಿನ್ನೀರಿನ ಗದ್ದೆಯಾದ ಗಜನಿಯನ್ನು: ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಭರತದ ನೀರಿನೊಂದಿಗೆ ಒಳಬರುವ ಸಿಗಡಿ, ಕಾಗಳಸಿ ಮೀನು. ವ್ಯವಸ್ಥೆ ಜಾಣತನದ್ದೇ, ಅನುಮಾನವಿಲ್ಲ. ಆದರೆ ಅವರ ಬರಹದಲ್ಲಿ ಗಜನಿಗೆ ಎಂದೂ ಒಡ್ಡು ಒಡೆಯುವುದಿಲ್ಲ, ಗುತ್ತಿಗೆದಾರ ಕಾಲಿಡುವುದಿಲ್ಲ. ಸಿಗಡಿಗೆ ದರ ಬಂದ ಮೇಲೆ ಉಪ್ಪುನೀರನ್ನು ಬೇಕಾದಾಗ ಒಳಬಿಟ್ಟು, ಬೇಡವಾದಾಗಲೂ ನಿಲ್ಲಿಸಿಕೊಂಡು ಕಗ್ಗಕ್ಕೆ ಕುತ್ತು ತಂದವರು ಹೊರಗಿನವರಷ್ಟೇ ಅಲ್ಲ. ಗದ್ದೆ ಗುತ್ತಿಗೆಗೆ ಕೊಟ್ಟವರಿಗೂ ಅದರಲ್ಲಿ ಪಾಲುಂಟು. 1996ರಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದ ಸಿಗಡಿ ಕೆರೆಗಳನ್ನು ತೆರವು ಮಾಡಲು ಹೇಳಿ, ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಕೊಟ್ಟಿತು. ಆ ವಿನಾಯಿತಿಯ ಮರೆಯಲ್ಲಿ ಏನೇನು ಹೊಕ್ಕಿತು ಎಂಬುದನ್ನು ಬರೆಯದೆ ಗಜನಿಯ ಸ್ತುತಿ ಮಾಡುವುದು ಸೋಮಾರಿತನ. ಇನ್ನು ಎದುರು ಪಾಳಯ. 2019ರಲ್ಲಿ ಹೈದರಾಬಾದಿನ ಜೀವಶಾಸ್ತ್ರ ಸಂಶೋಧನಾ ಕೇಂದ್ರ ಸಿಸಿಎಂಬಿಗೆ ಇಂಥದೇ ಯೋಜನೆ ಸಿಕ್ಕಾಗ ‘ಅಹಿಂಸಾ ಮಾಂಸ’ ಎಂದು ಬೀಗಿದವರಿಗೆ ಇಳಿತದಲ್ಲಿ ಸೊಂಟಮಟ್ಟದ ನೀರಿಗಿಳಿದು ಬೆಳಚು ಚಿಪ್ಪು ಹೆಕ್ಕುವ ಹೆಂಗಸು ಹಿಂಸೆಯ ಲೆಕ್ಕಕ್ಕೂ ಬರುವುದಿಲ್ಲ, ದುಡಿಮೆಯ ಲೆಕ್ಕಕ್ಕೂ ಬರುವುದಿಲ್ಲ.

ಕೋಶ ಬೆಳೆಸುವ ವಿದ್ಯೆ ಮಾತ್ರ ಬೆಲೆಯುಳ್ಳದ್ದು, ಅದನ್ನು ಅಲ್ಲಗಳೆಯಲಾಗದು. ಮೀನಿನ ವೈರಸ್ ರೋಗಗಳನ್ನು ಪತ್ತೆ ಹಚ್ಚಲು ಮೀನಿನ ಕೋಶಗಳನ್ನೇ ಬಳಸುತ್ತಾರೆ. ಆದರೆ ಸಿಗಡಿಗೆ ಆ ಭಾಗ್ಯವಿಲ್ಲ. 1990ರ ದಶಕದಲ್ಲಿ ನಮ್ಮ ಕರಾವಳಿಗೆ ಕಾಲಿಟ್ಟ ಬಿಳಿಚುಕ್ಕೆ ಎಂಬ ವೈರಸ್ ರೋಗ ಇನ್ನೂ ಕಾಡುತ್ತಿದೆ. ಸೋಂಕು ಹೊಕ್ಕರೆ ಕೆಲವೇ ದಿನಗಳಲ್ಲಿ ಕೆರೆಗೆ ಕೆರೆಯೇ ಖಾಲಿ. ದಶಕಗಳ ಯತ್ನದ ನಂತರವೂ, ನಿಲ್ಲದೆ ಬೆಳೆಯುತ್ತ ಹೋಗುವ, ಎಲ್ಲರೂ ನೆಚ್ಚಿ ಬಳಸಬಹುದಾದ ಸಿಗಡಿಯ ಕೋಶಸಂತತಿ ಕೈಗೆ ಬಂದಿಲ್ಲ. ಹಾಗಾಗಿ ಆ ವೈರಸ್ಸಿನ ಮೇಲಿನ ಪ್ರಯೋಗಕ್ಕೆ ಬಹುಮಟ್ಟಿಗೆ ಜೀವಂತ ಸಿಗಡಿಯನ್ನೇ ನೆಚ್ಚಬೇಕು. ಸಾರ್ವಜನಿಕ ದುಡ್ಡಿನಲ್ಲಿ ನಡೆಯುವ, ಕಾರವಾರದಲ್ಲೂ ಕೇಂದ್ರವಿರುವ ಆ ಕೊಚ್ಚಿಯ ಸಂಸ್ಥೆಯಿಂದ ಅಂಕೋಲೆಯ ಗಜನಿಯವರು ಕೇಳಬೇಕಾದ ಕೋಶಕೃಷಿ ಈ ಸಿಗಡಿಯದು. ಇಸವಾಣದ ತುಂಡು ಬೇಕಾದವರು ತಮ್ಮ ಬಂಡವಾಳದಲ್ಲಿ ಬೆಳೆಸಿಕೊಳ್ಳಲಿ.