ತಗಡಿನ ಪರವಾಗಿ

ಹಳೆಯ ಆಟಿಕೆ ಕೂಡಿಡುವ ಗೆಳೆಯರೊಬ್ಬರ ಮನೆಯಲ್ಲಿ ಮೊನ್ನೆ ಆ ಮಾತು ಮತ್ತೆ ಕಿವಿಗೆ ಬಿತ್ತು: ಕೇಪು ಪಿಸ್ತೂಲಿನ ಸುವರ್ಣಯುಗ ಅಂದರೆ ಐವತ್ತರ ದಶಕದ ಅಮೆರಿಕ, ನಮ್ಮ ದೀಪಾವಳಿ ಪಿಸ್ತೂಲೆಲ್ಲ ತಗಡು. ತಗಡು ಅನ್ನುವುದು ನಮ್ಮಲ್ಲಿ ಲೋಹದ ಹಾಳೆಯ ಹೆಸರೂ ಹೌದು, ಬೈಗುಳವೂ ಹೌದು. ಅವರು ಎರಡೂ ಅರ್ಥದಲ್ಲಿ ಆಡಿದ್ದರು. ಸಂಗ್ರಾಹಕರ ನಡುವೆ ಈ ಮಾತಿಗೆ ಎದುರಾಡುವವರಿಲ್ಲ. ನನಗೆ ಮಾತ್ರ ಆವತ್ತು ಊಟ ರುಚಿಸಲಿಲ್ಲ.

ಈ ತೀರ್ಪಿನ ಹಿಂದಿರುವುದು ಒಂದೇ ಅಳತೆಗೋಲು: ಆಟಿಕೆ ಅಸಲಿ ಕೋವಿಯನ್ನು ಎಷ್ಟು ಹೋಲುತ್ತದೆ? ಹಾಗೆ ಅಳೆದರೆ ಟೆಕ್ಸಾಸಿನ ನಿಕೋಲ್ಸ್ ಸಹೋದರರ ಸ್ಟ್ಯಾಲಿಯನ್ 45 ಗೆಲ್ಲಲೇಬೇಕು. 1950ರಲ್ಲಿ ಬಂದ ಅದರ ಒಂದೊಂದು ತೋಟೆಯೂ ಎರಡಾಗಿ ಬಿಚ್ಚಿಕೊಳ್ಳುತ್ತದೆ. ಒಳಗೆ ಕೇಪು ಇಟ್ಟು ಮುಚ್ಚಿ, ಆರನ್ನೂ ಪಿಸ್ತೂಲಿಗೆ ತುಂಬಬೇಕು. ಕೆಲಸ ಅಚ್ಚುಕಟ್ಟು, ಒಪ್ಪುತ್ತೇನೆ. ಆದರೆ ಮ್ಯಾಟೆಲ್ ಕಂಪನಿಯ ಫ್ಯಾನರ್ 50ಕ್ಕೆ ಸಿಗುತ್ತಿರುವ ಹೊಗಳಿಕೆಯನ್ನು ಒಪ್ಪಲಾರೆ. ಒಂದು ಕೈಯಲ್ಲಿ ಪಿಸ್ತೂಲು ಹಿಡಿದು ಇನ್ನೊಂದು ಅಂಗೈಯಿಂದ ಅದರ ಕುದುರೆಯನ್ನು ಪಟಪಟ ಹಿಂದಕ್ಕೆ ಬಡಿಯುವ ಕೌಬಾಯ್ ಸಿನಿಮಾದ ಗತ್ತನ್ನೇ ಹೆಸರು ಮಾಡಿಕೊಂಡ ಆಟಿಕೆ ಅದು. ಅದೇ ಕಂಪನಿ 1955ರಲ್ಲಿ ಮಿಕ್ಕಿ ಮೌಸ್ ಕ್ಲಬ್ ಎಂಬ ಟಿವಿ ಕಾರ್ಯಕ್ರಮದಲ್ಲಿ ಬರ್ಪ್ ಗನ್ ಎಂಬ ಆಟಿಕೆ ಕೋವಿಯ ಜಾಹೀರಾತು ಕೊಟ್ಟು, ಅಪ್ಪ ಅಮ್ಮನನ್ನು ದಾಟಿ ನೇರ ಮಗುವಿಗೇ ಮಾರುವ ವಿದ್ಯೆ ಕಲಿತಿತ್ತು. ಫ್ಯಾನರ್ ಆ ವಿದ್ಯೆಯ ಫಲ. ಅದನ್ನು ಹಿಡಿದು ಆಡಬೇಕಾದ ಆಟವನ್ನು ಟಿವಿಯೇ ಮೊದಲು ಆಡಿ ಮುಗಿಸಿತ್ತು. ಹುಡುಗನ ಪಾಲಿಗೆ ಉಳಿದದ್ದು ನಕಲು.

ಪರಂಪರೆ ಹೀಗೆ ಶುರುವಾದದ್ದಲ್ಲ. 1880ರ ಸುಮಾರಿನ ಅಮೆರಿಕದ ಎರಕದ ಕಬ್ಬಿಣದ ಕೇಪು ಪಿಸ್ತೂಲುಗಳನ್ನು ನೋಡಿ. ಮೇಲೆ ಪುಟ್ಟ ಬೊಂಬೆಗಳು ಕೂತಿರುತ್ತವೆ. ಟ್ರಿಗರ್ ಎಳೆದರೆ ಬೊಂಬೆ ಚಲಿಸಿ ಬಡಿದು ಕೇಪು ಸಿಡಿಸುತ್ತದೆ. ಕೈಯಲ್ಲಿ ಹಿಡಿಯುವ ಬೊಂಬೆಯಾಟ ಅದು. ಆ ಕಾಲದ್ದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ: ಚೀನೀ ವಲಸಿಗನನ್ನು ಒದೆಯುವ ಬೊಂಬೆಯಿದ್ದ ಪಿಸ್ತೂಲೂ ಇತ್ತು, ಚೀನೀಯರು ತೊಲಗಬೇಕೆಂಬ ಘೋಷಣೆಯೇ ಅದರ ಹೆಸರಾಗಿತ್ತು. ಆಟಿಕೆಯಲ್ಲಿ ಹಿಂಸೆ ಎಲ್ಲಿದೆ ಎಂದು ಕೇಳುವವರಿಗೆ ನಾನು ತೋರಿಸುವುದು ಆ ಬೊಂಬೆಯನ್ನು.

ನಮ್ಮ ತಗಡಿನ ಪಿಸ್ತೂಲು ಲೋಕದ ಯಾವ ಕೋವಿಯನ್ನೂ ಹೋಲುವುದಿಲ್ಲ. ಅಚ್ಚೊತ್ತಿದ ಎರಡು ಹೋಳು, ಅಂಚಿನ ಕಿವಿ ಮಡಚಿ ಸೇರಿಸಿದ್ದು, ಒಳಗೊಂದು ಸ್ಪ್ರಿಂಗು. ಸಂತೆಯಲ್ಲಿ ಕೊಂಡ ನನ್ನ ಮೊದಲ ಪಿಸ್ತೂಲು ಹೆಬ್ಬೆರಳ ಬುಡ ಕೊಯ್ದ ಗುರುತು ಇನ್ನೂ ಇದೆ. ಕೆಂಪು ಕಾಗದದ ಸುರುಳಿ ಸಿಕ್ಕಿಸಿ ತುದಿಯನ್ನು ಮೇಲಕ್ಕೆ ಎಳೆದುಬಿಟ್ಟರೆ ಮೂರು ಸಿಡಿಯುತ್ತಿತ್ತು. ನಾಲ್ಕನೆಯದಕ್ಕೆ ಕಾಗದ ಓರೆಯಾಗಿ ಸಿಕ್ಕಿಕೊಳ್ಳುತ್ತಿತ್ತು. ಆಟ ಕಳೆಗಟ್ಟುತ್ತಿದ್ದುದೇ ಆಮೇಲೆ. ಸುರುಳಿಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಸಿ ಗುಂಡುಕಲ್ಲಿನಿಂದ ಜಜ್ಜುವುದು. ನಟ್ಟಿನೊಳಗೆ ಎರಡು ಬೋಲ್ಟುಗಳ ನಡುವೆ ಕೇಪು ಬಿಗಿದು ರಸ್ತೆಗೆ ಎಸೆಯುವುದು. ಚುಕ್ಕೆಯನ್ನು ಉಗುರಿನಿಂದ ಕೆರೆದು ಮೂಸುವುದು. ಬೆಂಕಿಪೊಟ್ಟಣದ ಮಗ್ಗುಲಿಗೆ ಬಳಿಯುವುದು ಕೆಂಪು ರಂಜಕ, ಕಡ್ಡಿಯ ತಲೆಯಲ್ಲಿರುವುದು ಪೊಟ್ಯಾಸಿಯಂ ಕ್ಲೋರೇಟ್. ಅಲ್ಲಿ ದೂರ ದೂರ ಇಟ್ಟ ಅವೆರಡೂ ಕೇಪಿನ ಚುಕ್ಕೆಯೊಳಗೆ ಒಟ್ಟಿಗಿರುತ್ತವೆ, ಅದಕ್ಕೇ ಒಂದು ಪೆಟ್ಟು ಸಾಕು. ಈ ರಸಾಯನಶಾಸ್ತ್ರ ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಕೇಪಿಗೂ ಬೆಂಕಿಪೊಟ್ಟಣಕ್ಕೂ ನಂಟಿದೆಯೆಂದು ಮೂಗಿಗೆ ಮೊದಲೇ ಗೊತ್ತಿತ್ತು.

ಮಕ್ಕಳಿಗೆ ಬೇಕಾದದ್ದು ಆ ಸದ್ದು, ಆ ವಾಸನೆ, ತಮ್ಮ ಬೆರಳಿನಿಂದ ಏನೋ ಆಯಿತೆಂಬ ಖುಷಿ. ಹೋಲಿಕೆ ಬೇಕಾದದ್ದು ದೊಡ್ಡವರಿಗೆ. ಸಂಗ್ರಾಹಕರಿಗೂ ಬೇಕು, ಆಟಿಕೆ ಕೋವಿ ಹಿಡಿದ ಮಗು ಕ್ರೂರಿಯಾಗುತ್ತದೆ ಎನ್ನುವವರಿಗೂ ಬೇಕು. ಇಬ್ಬರ ಕಣ್ಣೂ ಆಕಾರದ ಮೇಲೇ. ಹೋಲಿಕೆಯ ಈ ಹುಚ್ಚು ಎಲ್ಲಿಗೆ ಮುಟ್ಟಿತೆಂದರೆ, ಆಟಿಕೆ ಕೋವಿಯ ಮೂತಿಗೆ ಕಿತ್ತಳೆ ಬಣ್ಣದ ಗುರುತಿರಬೇಕೆಂದು 1988ರಲ್ಲಿ ಅಮೆರಿಕ ಕಾನೂನನ್ನೇ ಮಾಡಬೇಕಾಯಿತು. ನಮ್ಮ ತಗಡನ್ನು ಅಸಲಿಯೆಂದು ನಂಬಿ ಬೆದರುವವರು ಯಾರಿದ್ದಾರೆ?

ಯಕ್ಷಗಾನದ ಅರ್ಜುನ ಬಣ್ಣ ಬಳಿದ ಪುಟ್ಟ ಬಿಲ್ಲು ಹಿಡಿದು ಕುಣಿದರೆ ಅದರಲ್ಲಿ ಗಾಂಡೀವ ಕಂಡ ಜನ ನಾವು. ಅದೇ ನಾವು ಈಗ ಮಕ್ಕಳ ಛದ್ಮವೇಷಕ್ಕೆ ಕಿರೀಟ, ಕತ್ತಿ, ಮೀಸೆಯನ್ನೆಲ್ಲ ಬಾಡಿಗೆಗೆ ತರುತ್ತೇವೆ. ಎಷ್ಟು ಹಾಗೇ ಕಾಣುತ್ತದೋ ಅಷ್ಟು ಅಂಕ. ನಮ್ಮ ರುಚಿ ಕೆಟ್ಟಿದೆ ಎಂದೇ ನನ್ನ ವಾದ. ಕೆಲವು ವರ್ಷದ ಹಿಂದೆ ಒಂದು ಶಾಲೆಯಲ್ಲಿ ತೀರ್ಪುಗಾರನಾಗಿ ಕೂತಿದ್ದೆ. ಹುಡುಗನೊಬ್ಬ ಸೈನಿಕನಾಗಿ ಬಂದ. ಖಾಕಿ ಚಡ್ಡಿ, ಕೈಯಲ್ಲಿ ಬಾಳೆ ಎಲೆಯ ದಂಟು. ದಂಟಿನ ಬೆನ್ನಿಗೆ ಸಾಲಾಗಿ ಸೀಳು ಹಾಕಿ ಎಬ್ಬಿಸಿ ನಿಲ್ಲಿಸಿದ್ದ. ಅಂಗೈಯಿಂದ ಒಮ್ಮೆ ಸವರಿದ. ಸೀಳುಗಳೆಲ್ಲ ಒಂದರ ಹಿಂದೊಂದು ಬಿದ್ದು ಎದ್ದ ಪಟಪಟ ಸದ್ದಿಗೆ ಹಿಂದಿನ ಸಾಲಿನವರೂ ತಿರುಗಿ ನೋಡಿದರು. ನಾನು ಮೊದಲ ಸ್ಥಾನ ಬರೆದೆ. ಉಳಿದಿಬ್ಬರು ಪ್ಲಾಸ್ಟಿಕ್ ಎಕೆ 47 ಹಿಡಿದ ಕಮಾಂಡೋಗೆ ಕೊಟ್ಟರು. ಬಾಳೆ ದಂಟಿನವನಿಗೆ ಸಿಕ್ಕಿದ್ದು ಸಮಾಧಾನಕರ ಬಹುಮಾನ, ಒಂದು ಪೆನ್ಸಿಲ್ ಡಬ್ಬಿ. ಅವನು ವೇದಿಕೆಯ ಮೆಟ್ಟಿಲಿಳಿಯುವಷ್ಟರಲ್ಲಿ ಆ ಕಮಾಂಡೋ ತನ್ನ ಬಂದೂಕನ್ನು ಅಮ್ಮನ ಕೈಗೆ ತುರುಕಿ ಅವನ ಹಿಂದೆ ಬಿದ್ದಿದ್ದ, ‘ನಂಗೂ ಒಂದ್ಸಲ ಕೊಡೋ’ ಎಂದು.